ಒಣಗಲು ಬಿಡದ ಸೋರೆ

ಚಂಪವ್ವನ ಜೋಳವನ್ನು ನಮ್ಮ ಮನೆಯವರು ಎರಡು ಸಲ ಬೀಸುತ್ತಾರೆ. ಊರಿನ ಉಳಿದವರ ಜೋಳಕ್ಕೆ ಒಂದೇ ಸಲ. ಗಿರಣಿಯ ಬಾಯಿಗೆ ಸುರಿದು, ಕೆಳಗೆ ಬಂದ ಹಿಟ್ಟನ್ನು ಬೆರಳ ತುದಿಯಲ್ಲಿ ತಿಕ್ಕಿ ನೋಡಿ, ತಲೆ ಅಲ್ಲಾಡಿಸಿ, ಕಲ್ಲನ್ನು ಒಂದಿಷ್ಟು ಬಿಗಿ ಮಾಡಿ ಮತ್ತೆ ಸುರಿಯುತ್ತಾರೆ. ಕೇಳಿದರೆ ಆಕೆಯ ಜೋಳ ಗಟ್ಟಿ ಎನ್ನುತ್ತಾರೆ. ಅದೇ ಹೊಲದ ಜೋಳ ನಮ್ಮ ಮನೆಯಲ್ಲೂ ಇದೆ, ನನ್ನ ಹಿಟ್ಟಿನಲ್ಲಿ ಮಾತ್ರ ತರಿ ಸಿಗುತ್ತದೆ. ಹೊಟ್ಟೆಕಿಚ್ಚು ಎಂದು ನೀವು ಅಂದುಕೊಳ್ಳಬಹುದು. ಹೊಟ್ಟೆಕಿಚ್ಚೇ. ನಾನೇನು ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ತಿರುಗುತ್ತಿಲ್ಲ.

ನಮ್ಮ ಮನೆಯವರ ಹೆಸರು ಅಡಿವೆಪ್ಪ. ಒಳ್ಳೆಯ ಮನುಷ್ಯರು, ಕೈ ಎತ್ತಿದವರಲ್ಲ, ಕುಡಿದವರಲ್ಲ. ಆದರೆ ಮಾತಿಲ್ಲ. ಬೆಳಿಗ್ಗೆ ‘ಚಾ’ ಎನ್ನುತ್ತಾರೆ, ಮಧ್ಯಾಹ್ನ ‘ಸಾಕು’ ಎನ್ನುತ್ತಾರೆ. ಗಿರಣಿಯ ಸದ್ದಿನಲ್ಲಿ ಬೆಳೆದವರಿಗೆ ಮಾತು ಬೇಡವಾಗುತ್ತದೆ ಎಂದು ನಮ್ಮ ಅತ್ತೆ ಸಮಾಧಾನ ಹೇಳುತ್ತಿದ್ದರು. ನಾನು ಮದುವೆಯಾಗಿ ಬಂದಾಗ ಟ್ರಂಕಿನಲ್ಲಿ ಅವರದೊಂದು ಚೌಕಡಿ ಅಂಗಿ ಸಿಕ್ಕಿತು, ಜೇನಿನ ಬಣ್ಣದ್ದು. ಬೆನ್ನಿನ ಬಟ್ಟೆಯೇ ಇರಲಿಲ್ಲ. ‘ಇಲಿ’ ಎಂದರು. ಒರೆಸುವ ಬಟ್ಟೆ ಮಾಡಿಕೊಳ್ಳಲೇ ಎಂದರೆ ‘ಇರಲಿ’ ಎಂದರು. ಇಲಿ, ಇರಲಿ. ಅಷ್ಟರಲ್ಲಿ ಒಂದು ಅಂಗಿಯ ಕಥೆ ಮುಗಿಯಿತು.

ಇಂಥ ಮನುಷ್ಯ ಒಮ್ಮೆ ಹೊಂಡದ ಮೆಟ್ಟಿಲ ಮೇಲೆ ನಿಂತು, ಊರೆಲ್ಲ ಕೇಳುವಂತೆ, ಉದ್ದಕ್ಕೆ ಮಾತಾಡಿದ್ದರಂತೆ. ನಾನು ಈ ಊರಿಗೆ ಬರುವ ಮೊದಲಿನ ಮಾತು. ‘ಚಂಪಾನ ಜೋಡಿ ಕುಂತ್ರ ನನಗ ಮಾತು ಬರತಾವು. ಉಳಿದವರ ಮುಂದ ಬರಂಗಿಲ್ಲ. ಅದಕ್ಕ ನಾ ಆಕೀನ್ನ ಮದಿವ್ಯಾಗಾಂವ’ ಎಂದು ಒಣಸೋರೆಯ ಬಾಯಿಗೆ ಹೇಳಿ, ಮೇಣದಿಂದ ಮುಚ್ಚಿ, ನೀರಿಗೆ ಬಿಟ್ಟಿದ್ದರಂತೆ. ಇದನ್ನು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಬಂದ ವಾರದಲ್ಲೇ ಓಣಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು, ಮರುಗುವವರಂತೆ ಮುಖ ಮಾಡಿಕೊಂಡು ಹೇಳಿಹೋದರು.

ನಮ್ಮೂರಲ್ಲಿ ಯಾವುದೂ ಕೂಗಾಟದಿಂದ ತೀರುವುದಿಲ್ಲ. ಹೇಳುವುದಿದ್ದರೆ ನಿಮ್ಮ ಹಿತ್ತಿಲಿನ ಬಳ್ಳಿಯಲ್ಲಿ ಒಣಗಿದ ಸೋರೆಗೇ ಹೇಳಬೇಕು, ಬೇರೆಯವರ ಬಳ್ಳಿಯದು ನಡೆಯುವುದಿಲ್ಲ. ಮೇಲೆ ಸುಣ್ಣದಲ್ಲಿ ಮನೆಯ ಗುರುತು ಬರೆದು ಹೊಂಡಕ್ಕೆ ಹಾಕಿದರೆ ಅದು ತೇಲುತ್ತದೆ. ಯಾರಾದರೂ ಅದಕ್ಕೆ ಉತ್ತರ ಹೇಳಿ ತಮ್ಮ ಸೋರೆ ಹಾಕಿದರೆ ನಿಮ್ಮದು ಮುಳುಗುತ್ತದೆ. ಇನ್ನೊಬ್ಬರು ಬಂದು ಆ ಉತ್ತರಕ್ಕೆ ಉತ್ತರ ಹೇಳಿದರೆ ಅವರದು ಮುಳುಗಿ ನಿಮ್ಮದು ಮತ್ತೆ ಮೇಲೆ ಬರುತ್ತದೆ, ನೀವು ಹೇಳಿದ್ದನ್ನು ನೀವೇ ಮರೆತಿದ್ದರೂ. ಹಾಕಿದ್ದನ್ನು ತೆಗೆಯುವ ಹಾಗಿಲ್ಲ. ಸತ್ತವರದೂ ಅಲ್ಲೇ ಇರುತ್ತದೆ. ತೇಲುವುದನ್ನು ಊರು ನಡೆಸುತ್ತದೆ, ಮುಳುಗಿದ್ದನ್ನು ನಡೆಸುವುದಿಲ್ಲ. ನಮ್ಮ ಶಾಲೆಯ ಹೊತ್ತಿನ ಬಗ್ಗೆ ಮೇಷ್ಟ್ರದು ತಾಯಂದಿರ ಮಾತಿಗೆ ಉತ್ತರ, ತಾಯಂದಿರದು ನೀರು ಬಿಡುವವನ ಮಾತಿಗೆ, ನೀರು ಬಿಡುವವನದು ಮೇಷ್ಟ್ರ ಮಾತಿಗೆ. ಮೂರು ಸೋರೆಗಳೂ ಮುಳುಗಲಾರದೆ ತೇಲಲಾರದೆ ಕತ್ತಿನ ಮಟ್ಟ ನೀರಲ್ಲಿ ನಿಂತಿವೆ. ಹಾಗಾಗಿ ಶಾಲೆ ಎಷ್ಟು ಹೊತ್ತಿಗೆ ಎಂದು ಯಾರಿಗೂ ಗೊತ್ತಿಲ್ಲ. ಬಾಗಿಲು ತೆರೆದಿರುವುದು ಕಂಡರೆ ಮಕ್ಕಳು ಒಳಗೆ ಹೋಗುತ್ತವೆ.

ನಮ್ಮವರ ಆ ಸೋರೆಯನ್ನು ಮುಳುಗಿಸಿದ್ದು ನಮ್ಮ ಮಾವ ಸಿದ್ಲಿಂಗಪ್ಪನವರು. ಚಂಪವ್ವನ ಅಣ್ಣನಿಗೆ ಮೂರ್ಛೆ ಬರುತ್ತಿತ್ತು. ‘ಆ ಮನಿತನದ ರಕ್ತದಾಗ ಮೂರ್ಛೆ ಐತಿ, ಅಲ್ಲಿಯ ಹೆಣ್ಣು ತರಬಾರದು’ ಎಂದು ಮಾವ ತಮ್ಮ ಸೋರೆ ಹಾಕಿದರು. ಮಗನದು ತಳ ಸೇರಿತು. ಆಮೇಲೆ ನನ್ನ ಅಪ್ಪ ಸಂಬಂಧ ಕೇಳಿಕೊಂಡು ಬಂದು, ‘ನಮ್ಮ ಶಂಕ್ರವ್ವ ರೊಟ್ಟಿ ಚಂದ ಬಡೀತಾಳ, ಗಿರಣಿ ಮನಿಗೆ ಹಿಟ್ಟಿನ ಕೈ ಬೇಕು’ ಎಂದು ನನ್ನ ಮದುವೆಯ ಸೋರೆ ಹಾಕಿದ. ಅದು ತೇಲಿತು, ನಾನು ಬಂದೆ. ಒಬ್ಬಳ ಮೇಲೆ ಮನಸ್ಸಿದೆ ಎಂದವನ ಸೋರೆ ತೇಲುತ್ತಿರುವಾಗ ಇನ್ನೊಬ್ಬಳ ಮದುವೆಯದು ತೇಲುವುದಿಲ್ಲ. ಅದು ತಳದಲ್ಲಿರುವುದರಿಂದ ನಾನು ಮೇಲಿದ್ದೇನೆ. ಅವಳಿಗೆ ಮಾತು, ನನಗೆ ರೊಟ್ಟಿ. ಈ ಲೆಕ್ಕ ನನ್ನ ಹೊಟ್ಟೆಯಲ್ಲಿ ಯಾವತ್ತೂ ಸರಿಯಾಗಿ ಕೂತಿಲ್ಲ.

ಚಂಪವ್ವ ಮದುವೆಯಾಗಲಿಲ್ಲ. ಕೌದಿ ಹೊಲಿದುಕೊಂಡು, ಅಣ್ಣ ತೀರಿಕೊಂಡ ಮೇಲೆ ಅವನ ಮಗಳು ಸುವರ್ಣಾಳನ್ನು ಸಾಕಿಕೊಂಡು ಇದ್ದಾಳೆ. ಊರಲ್ಲಿ ಯಾರ ಮನೆಯ ಹಳೇ ಸೀರೆ, ಹಳೇ ಧೋತರವಾದರೂ ಅವಳ ಕೈಗೆ ಹೋಗಿ ಕೌದಿಯಾಗಿ ಬರುತ್ತದೆ. ನಮ್ಮ ಮನೆಯ ಹಳೇ ಬಟ್ಟೆಯನ್ನು ಮಾತ್ರ ನಾನು ಪಕ್ಕದ ಊರಿಗೆ ಕಳಿಸುತ್ತೇನೆ. ಅವಳು ಹೊಲಿದ ಕೌದಿ ಹೊದ್ದು ಅವರು ಮಲಗುವುದು ಬೇಡ ಎಂದೇ ಕಳಿಸುತ್ತೇನೆ. ಪಕ್ಕದ ಊರಿನವಳ ಹೊಲಿಗೆ ಒಂದು ಮಳೆಗಾಲಕ್ಕೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳಲಿ.

ಹೋದ ವರ್ಷ ಒಂದು ಮಧ್ಯಾಹ್ನ ಚಂಪವ್ವ ನಮ್ಮ ಮನೆಗೆ ಬಂದಳು. ಅದುವರೆಗೆ ಅವಳು ಗಿರಣಿಯ ಬಾಗಿಲು ದಾಟಿ ಮನೆಯೊಳಗೆ ಬಂದವಳಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ. ಕೂಡು ಎನ್ನಲಿಲ್ಲ. ಅವಳೇ ಹೊಸ್ತಿಲ ಹತ್ತಿರ ಕೂತಳು.

“ಸುವರ್ಣಾನ್ನ ನೋಡಾಕ ಬಂದಿದ್ರು ಶಂಕ್ರವ್ವ. ಹುಡುಗಿ ಪಸಂದಿದ್ಲು. ಹೋಗುಮುಂದ ಹೊಂಡದ ಕಡೆ ಹಾದಾರ. ನಿಮ್ಮ ಮಾವನ ಸೋರಿ ಕಂಡೈತಿ. ಮಾಡಿದ ಚಾ ಸುದ್ದಾ ಕುಡೀಲಾರದ ಹ್ವಾದ್ರು.”

“ಅದಕ್ಕ ನಾ ಏನ ಮಾಡ್ಲಿ?”

“ನೀ ಏನೂ ಮಾಡಬ್ಯಾಡ. ನಾ ಮಾಡಾಕಿ ಅದೀನಿ. ಸ್ವಾಮಾರ ದಿನ ಅದಕ್ಕೊಂದು ಉತ್ತರ ಹಾಕ್ತೀನಿ. ನಿನಗ ಮೊದಲ ಹೇಳಬೇಕನಿಸ್ತು.”

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದಾಗಲೇ ಎಚ್ಚರ. ಅವಳ ಉತ್ತರ ಏನೆಂದು ನನಗೆ ಗೊತ್ತಿತ್ತು. ಅವಳ ಅಣ್ಣ ಹುಟ್ಟಾ ಆರೋಗ್ಯದವನು. ಹುಡುಗನಿದ್ದಾಗ ಮನೆ ಕಟ್ಟುವಲ್ಲಿ ತೊಲೆ ತಲೆಯ ಮೇಲೆ ಬಿದ್ದು, ಆಮೇಲೆ ಮೂರ್ಛೆ ಶುರುವಾದದ್ದು. ಇದು ಊರಿಗೆಲ್ಲ ಗೊತ್ತು. ಆದರೆ ಊರಿಗೆ ಗೊತ್ತಿರುವುದು ಬೇರೆ, ಹೊಂಡಕ್ಕೆ ಹೇಳಿರುವುದು ಬೇರೆ. ಯಾರೂ ಹೇಳಿರಲಿಲ್ಲವಾದ್ದರಿಂದ ನಮ್ಮ ಮಾವ ಸತ್ತರೂ ಅವರ ಸೋರೆ ತೇಲುತ್ತಲೇ ಇತ್ತು, ಅದರ ಕೃಪೆಯಿಂದ ನಾನೂ.

“ಇಷ್ಟ ವರ್ಷ ಸುಮ್ನಿದ್ದು ಈಗೇನ ಬಂತು?” ಎಂದೆ.

“ಅಣ್ಣ ಇರೂತನಕ ಬ್ಯಾಡಂದಿದ್ದ. ಹೊಂಡದ ಮೆಟ್ಟಲ ಮ್ಯಾಲೆ ನನ್ನ ರೋಗದ ಮಾತು ತಗೀಬ್ಯಾಡ ಅಂತಿದ್ದ. ಆಂವ ಹೋದಮ್ಯಾಲ...” ಅವಳು ಹೊಸ್ತಿಲ ಮೇಲೆ ಬಿದ್ದಿದ್ದ ಹಿಟ್ಟನ್ನು ಬೆರಳಿನಿಂದ ಒರೆಸಿದಳು. “ಆಂವ ಹೋದಮ್ಯಾಲ ನಿನ್ನ ಸಂಸಾರ ಕಣ್ಣಮುಂದ ಬರತಿತ್ತು.”

ಅಂದರೆ ಉತ್ತರ ಅವಳ ಕೈಯಲ್ಲೇ ಇತ್ತು. ಅವಳಿಗೆ ಏನೂ ಹೇಳಲು ತೋಚದೆ ಸುಮ್ಮನಿದ್ದಾಳೆ, ಸೋತಿದ್ದಾಳೆ ಎಂದು ನಾನು ಇಷ್ಟು ವರ್ಷ ಒಳಗೊಳಗೇ ಖುಷಿಪಟ್ಟಿದ್ದೆ. ಅವಳು ಬೇಕೆಂದೇ ಬಿಟ್ಟುಕೊಟ್ಟ ಜಾಗದಲ್ಲಿ ನಾನು ಕಾಲು ಚಾಚಿ ಕೂತಿದ್ದೆ. ಅವಳು ಬೈದಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

“ನನ್ನ ಸಂಸಾರದ ಮ್ಯಾಲೆ ನೀ ದಯಾ ತೋರಿಸೂದು ಬ್ಯಾಡ. ಹಾಕ ಹೋಗು,” ಎಂದೆ.

“ನಿಮ್ಮ ಬಳ್ಳ್ಯಾಗ ಒಂದು ಒಣಗಿದ್ದು ಕಾಣತೈತಿ. ಅವರ ಕಡಿಂದ ಒಂದ ಮಾತು ಹೇಳಸು. ನಂದು ಹಳೇ ಮಾತು, ಈಗ ಹಂಗಿಲ್ಲ ಅಂದ್ರ ಸಾಕು. ನಿಂದು ಮುಳುಗಂಗಿಲ್ಲ,” ಎಂದು ಹೇಳಿ ಎದ್ದುಹೋದಳು. ನಮ್ಮ ಬಳ್ಳಿಯಲ್ಲಿ ಎಷ್ಟು ಒಣಗಿವೆ ಎಂಬುದನ್ನೂ ಅವಳು ನೋಡಿಟ್ಟಿದ್ದಳು.

ಹೇಳಿದ್ದು ಅವಳಾದರೂ ದಾರಿ ಅದೊಂದೇ. ಅವರು ಊಟಕ್ಕೆ ಬಂದಾಗ ಎಲ್ಲ ಹೇಳಿದೆ. “ಚಂಪವ್ವನ ಮ್ಯಾಲೆ ಈಗ ಮನಸ್ಸಿಲ್ಲ, ಶಂಕ್ರವ್ವನ ಜೋಡಿ ಸುಖವಾಗದೀನಿ ಅಂತ ಅನ್ನರಿ, ಇಷ್ಟ ಸಾಕು,” ಎಂದೆ. ಅವರು ಅನ್ನ ಕಲಸುತ್ತ ‘ಹೂಂ’ ಎಂದರು. ಮಜ್ಜಿಗೆ ಹಾಕಲೇ ಎಂದರೂ ಅವರು ಹಾಗೇ ‘ಹೂಂ’ ಎನ್ನುತ್ತಾರೆ.

ಸೋಮವಾರ ಬೆಳಿಗ್ಗೆ ಹೊಂಡದ ಸುತ್ತ ಜಾತ್ರೆಯಷ್ಟು ಜನ. ಯಾರದೋ ಮನೆ ಮುಳುಗುತ್ತದೆ ಎಂದರೆ ನಮ್ಮೂರವರು ಒಲೆಯ ಮೇಲಿನ ಹಾಲನ್ನೂ ಬಿಟ್ಟು ಬರುತ್ತಾರೆ. ಚಂಪವ್ವ ಮೆಟ್ಟಿಲಿಳಿದು, ತೊಲೆಯ ಮಾತನ್ನೂ, ಅಣ್ಣನ ಮಾತನ್ನೂ ನಿಧಾನವಾಗಿ ಹೇಳಿ, ಮೇಣ ಮೆತ್ತಿ, ಸೂಜಿಯ ಗುರುತಿನ ತನ್ನ ಸೋರೆಯನ್ನು ನೀರಿಗೆ ಬಿಟ್ಟಳು. ನಮ್ಮ ಮಾವನದು ಒಮ್ಮೆ ವಾಲಿತು. ಬದುಕಿದ್ದಾಗ ಕುರ್ಚಿಯಿಂದ ಏಳುವಾಗ ವಾಲುತ್ತಿದ್ದರಲ್ಲ, ಹಾಗೆ. ಆಮೇಲೆ ಇಳಿದುಹೋಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ನೀರು ಗುಳುಗುಳು ಎಂದಿತು. ಪಾಚಿ ಹಿಡಿದು ಹಸಿರಾದ ಒಂದು ಸೋರೆ ಎದ್ದು ಬಂತು. ನಮ್ಮ ಮನೆಯ ಬೀಸುಕಲ್ಲಿನ ದುಂಡು ಗುರುತು ಇನ್ನೂ ಕಾಣುತ್ತಿತ್ತು. ಜನ ‘ಓ’ ಎಂದರು. ನಾನು ಸೋರೆಯನ್ನು ನೋಡಲಿಲ್ಲ, ಅವರ ಮುಖ ನೋಡಿದೆ. ಹೆರಿಗೆಯ ದಿನ ನಮ್ಮ ಮಗನನ್ನು ಕೈಗೆ ಕೊಟ್ಟಾಗಲೂ ಆ ಮುಖ ಹಾಗೆ ಆಗಿರಲಿಲ್ಲ. ಅಷ್ಟರಲ್ಲಿ ನನ್ನ ಅಪ್ಪನ ಸೋರೆ, ನನ್ನ ರೊಟ್ಟಿಯ ಸೋರೆ, ಸದ್ದಿಲ್ಲದೆ ಒಳಗೆ ಹೋಯಿತು. ನಮ್ಮ ಸಂಸಾರದ ಇಷ್ಟು ವರ್ಷಗಳು ಅದಕ್ಕೆ ಒಂದು ಬೆರಳಿನಷ್ಟೂ ಆಸರೆಯಾಗಲಿಲ್ಲ. ಹೊಂಡಕ್ಕೆ ವರ್ಷ ತಿಳಿಯುವುದಿಲ್ಲ, ಯಾವುದಕ್ಕೆ ಯಾರು ಉತ್ತರ ಹೇಳಿದರು ಎಂಬುದಷ್ಟೇ ತಿಳಿಯುತ್ತದೆ.

“ಅಡಿವೆಪ್ಪಾ, ಹೇಳೋ ಮಾರಾಯ,” ಎಂದು ಹಿರಿಯರೊಬ್ಬರು ಕೂಗಿದರು. ನಮ್ಮವರ ಕೈಯಲ್ಲಿ ನಮ್ಮ ಬಳ್ಳಿಯ ಒಂದೇ ಒಂದು ಒಣಸೋರೆ. ಬಾಯಿಯ ಹತ್ತಿರ ಒಯ್ದರು. ತೆಗೆದರು. ಮತ್ತೆ ಒಯ್ದರು.

“ಹೇಳ್ರಿ,” ಎಂದೆ ನಾನು.

“ಏನ ಹೇಳ್ಲಿ?” ಎಂದರು. “ಅವತ್ತು ಹೇಳಿದ್ದು ಸುಳ್ಳಲ್ಲ. ಖರೇ ಮಾತಿಗೆ ಉತ್ತರ ಹೆಂಗ ಹೇಳೂದು?”

“ಈಗ ಹಂಗಿಲ್ಲ ಅನ್ರಿ!”

ಅವರು ನನ್ನನ್ನು ನೋಡಿದರು. ಈಗಲೂ ಮಾತು ಬರುತ್ತಿಲ್ಲವಲ್ಲ, ಅದೇ ಅವರ ಹಳೇ ಸೋರೆಗೆ ಸಾಕ್ಷಿ ಹೇಳಿದಂತಿತ್ತು. ನನಗೆ ಎಲ್ಲಿತ್ತೋ ಸಿಟ್ಟು. “ಕೊಡ್ರಿ ಇಲ್ಲೆ, ನಾನ ಹೇಳ್ತೀನಿ,” ಎಂದು ಕಿತ್ತುಕೊಂಡೆ. ಅವರು ಬಿಟ್ಟರೋ ನಾನು ಜೋರಾಗಿ ಎಳೆದೆನೋ, ಸೋರೆ ಮೆಟ್ಟಿಲ ಮೇಲೆ ಬಿದ್ದು ಎರಡು ಹೋಳಾಯಿತು. ಒಳಗಿನ ಬೀಜ ನಾಲ್ಕೂ ಕಡೆ ಚೆಲ್ಲಿತು. ಯಾರೋ ನಕ್ಕರು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಮನೆಗೆ ನಡೆದೆ. ಮದುವೆ ಮುಳುಗಿದವಳು ಅದು ಏಳುವತನಕ ತವರಿನಲ್ಲಿರಬೇಕು. ಅಪ್ಪ ಸತ್ತಿದ್ದ, ತವರಿನಲ್ಲಿ ಅತ್ತಿಗೆ ಇದ್ದಳು. ಅವಳು ನನಗೆ ಒಂದು ಮೂಲೆ ತೋರಿಸಿ ಜೀವಮಾನವಿಡೀ ಅದನ್ನು ಎತ್ತಿ ಆಡುವವಳು.

ಎರಡು ಸೀರೆ ಮಡಚಿಡುವಷ್ಟರಲ್ಲಿ ಓಣಿಯ ಹೆಂಗಸೊಬ್ಬಳು ಓಡಿಬಂದಳು. “ಬಾರವ್ವ ಬಾ, ಚಂಪವ್ವ ಇನ್ನೊಂದು ಹಾಕಾಕತ್ತಾಳ!” ನಾನು ಹೋಗಬಾರದೆಂದುಕೊಂಡೇ ಹೋದೆ.

ಚಂಪವ್ವ ಅದೇ ಮೆಟ್ಟಿಲ ಮೇಲೆ ನಿಂತಿದ್ದಳು, ಕೈಯಲ್ಲಿ ಎರಡನೆಯ ಸೋರೆ. ಅಂದರೆ ಮನೆಯಿಂದ ಬರುವಾಗಲೇ ಎರಡು ತಂದಿದ್ದಳು. ನಮ್ಮವರ ಬಾಯಿಗೆ ಮಾತು ಬರುವುದಿಲ್ಲ ಎಂಬುದು ನನಗಿಂತ ಮೊದಲೇ ಅವಳಿಗೆ ತಿಳಿದಿತ್ತು. ಅವರು ಅಲ್ಲೇ, ಬೀಜ ಚೆಲ್ಲಿದಲ್ಲೇ ನಿಂತಿದ್ದರು. ಚಂಪವ್ವ ಅವರ ಕಡೆ ನೋಡಲಿಲ್ಲ.

“ಅಡಿವೆಪ್ಪ ಮಾತಾಡಿದ್ದು ಖರೆ. ನಾ ಕೌದಿ ಹೊಲೀತಿದ್ದೆ, ಆಂವ ಕುಂತು ಮಾತಾಡ್ತಿದ್ದ. ನಾ ಕೇಳಸ್ಕೊಂಡಿಲ್ಲ. ಆಂವನ ಮ್ಯಾಲೆ ನನಗ ಎಂದೂ ಮನಸ್ಸಿರಲಿಲ್ಲ. ಒಬ್ಬರ ಮನಸ್ಸಿನಿಂದ ಮದಿವಿ ಆಗಂಗಿಲ್ಲ,” ಎಂದು ಸೋರೆಯ ಬಾಯಿಗೆ ಹೇಳಿದಳು. ಮೇಣ ಮೆತ್ತುವಾಗ ಅವಸರ ಮಾಡಲಿಲ್ಲ. ಎಲ್ಲ ಕಡೆ ಹೆಬ್ಬೆರಳಿನಿಂದ ಒತ್ತಿ, ಒಂದು ಎಳೆ ಗಾಳಿಯೂ ಹೊಗದಂತೆ ಮುಚ್ಚಿದಳು.

ಪಾಚಿಯ ಸೋರೆ ತಿರುಗಿ ಇಳಿದುಹೋಯಿತು. ನನ್ನ ಅಪ್ಪನದು ಮೇಲೆ ಬಂತು. ತೊಲೆಯ ಸೋರೆ ಇದ್ದಲ್ಲೇ ತೇಲುತ್ತಿತ್ತು, ಸುವರ್ಣಾಳಿಗೂ ತೊಂದರೆಯಿಲ್ಲ. ಇಡೀ ಹೊಂಡದಲ್ಲಿ ಬೇರೆ ಒಂದೂ ಅಲುಗಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ಹೊಲಿಗೆ ಹಾಕುವ ಕೈ ಅವಳದು. ಹೆಂಗಸರು ಬಂದು ನನ್ನ ಹಣೆಗೆ ಕುಂಕುಮ ಹಚ್ಚಿದರು. ನಾನು ಸಂತೋಷಪಡಬೇಕಿತ್ತು. ನನಗೆ ಬಂದದ್ದು ಸಿಟ್ಟು. ನಮ್ಮ ಮನೆಯವರಿಗೆ ಏನು ಕಡಿಮೆಯಾಗಿದೆ? ಸ್ವಂತ ಗಿರಣಿ, ನೇರ ನಡತೆ, ತಲೆಯಲ್ಲಿ ಕೂದಲು. ಇಂಥವರ ಮೇಲೆ ಮನಸ್ಸಿರಲಿಲ್ಲವಂತೆ! ಇವಳೇನು ದೊಡ್ಡ ರಾಜಕುಮಾರಿಯೇ? ಮನೆಗೆ ಬಂದ ಮೇಲೆ ಅವರನ್ನು ಕೇಳಿದೆ, ಯಾಕೆ ಹೇಳಲಿಲ್ಲ ಎಂದು. “ಬಾಯಿಗೆ ಬರಲಿಲ್ಲ,” ಎಂದರು. ಅವಳ ಸೋರೆಗೆ ಬೇಜಾರಾಯಿತೇ ಎಂದೆ. ಅದಕ್ಕೂ ಬರಲಿಲ್ಲ.

ಸುವರ್ಣಾಳ ಮದುವೆ ಆಯಿತು. ಚಂಪವ್ವ ಕರೆದಳು, ಹೋದೆ, ಉಂಡೆ. ಅವಳ ಜೋಳವನ್ನು ಅವರು ಈಗಲೂ ಎರಡು ಸಲ ಬೀಸುತ್ತಾರೆ. ನಾನು ಮಾತ್ರ ಒಂದು ಹೊಸ ಕೆಲಸ ಹಚ್ಚಿಕೊಂಡೆ. ‘ಮನಸ್ಸಿರಲಿಲ್ಲ’ ಎಂಬ ಅವಳ ಮಾತಿಗೆ ನಮ್ಮವರು ಎಂದಾದರೊಂದು ದಿನ ‘ಇತ್ತು’ ಎಂದು ಉತ್ತರ ಹೇಳಿದರೆ? ಮಾತು ಬರದವರಿಗೆ ಮಾತು ಬರುವುದು ಅವಳ ವಿಷಯಕ್ಕೇ ತಾನೆ? ಅದಕ್ಕೆ ಒಣಸೋರೆ ಬೇಕು, ಅದೂ ನಮ್ಮ ಹಿತ್ತಿಲಿನದು. ಹಾಗಾಗಿ ಈ ವರ್ಷ ನಾನು ಒಂದು ಕಾಯಿಯನ್ನೂ ಒಣಗಲು ಬಿಡಲಿಲ್ಲ. ಹೂ ಉದುರಿ ಗೇಣುದ್ದ ಆಗುವ ಮೊದಲೇ ಕೊಯ್ದು ಪಲ್ಯ ಮಾಡಿದೆ, ಸಾರು ಮಾಡಿದೆ, ಓಣಿಗೆ ಹಂಚಿದೆ. ಹಂಚಿನ ಮಾಡಿನ ಮೇಲೆ ಹಬ್ಬಿದ್ದನ್ನು ಏಣಿ ಹಾಕಿ ಹತ್ತಿ ಕೊಯ್ದೆ. ಅವರು ಏಣಿ ಹಿಡಿದುಕೊಂಡು ಕೆಳಗೆ ನಿಂತಿದ್ದರು.

ಆದರೆ ಕಾಯಿ ಒಣಗದಿದ್ದರೆ ಬೀಜವಿಲ್ಲ. ಬಳ್ಳಿ ಇಲ್ಲದ ಹಿತ್ತಿಲು ಈ ಊರಲ್ಲಿ ಬಾಯಿಲ್ಲದ ಮನೆ. ನಾಳೆ ಯಾರಾದರೂ ಗಿರಣಿಯ ಮೇಲೆ ಏನಾದರೂ ಹಾಕಿದರೆ ಉತ್ತರಕ್ಕಾದರೂ ಬೇಕಲ್ಲ. ಬಳ್ಳಿ ಬಾಡಿ ಕಿತ್ತುಹಾಕಿದ ದಿನ, ಕೊನೆಯ ಎಳೆಕಾಯಿಗಳನ್ನು ಅಡುಗೆಮನೆಯಲ್ಲಿಟ್ಟು ಬೀಜ ಕೇಳಲು ಹೊರಟೆ. ಓಣಿಯ ಯಾರ ಮನೆಗೆ ಹೋದರೂ ‘ನಿಮ್ಮಲ್ಲಿ ಅಷ್ಟು ಕಾಯಿ ಬಿಟ್ಟಿದ್ದವಲ್ಲ’ ಎಂದು ಕೆದಕಿ ಕೇಳುವವರೇ. ಕೇಳದೆ ಕೊಡುವವಳು ಒಬ್ಬಳೇ. ಅವಳ ಮನೆಗೇ ಹೋಗಬೇಕಾಯಿತು.

“ಕೂಡು,” ಎಂದು ಹೇಳಿ ಚಂಪವ್ವ ಬೀಜ ತರಲು ಒಳಗೆ ಹೋದಳು. ಮಂಚದ ಮೇಲೆ ಅವಳು ಹೊದೆಯುವ ಕೌದಿ ಮಡಚಿಟ್ಟಿತ್ತು. ತೊಳೆದೂ ತೊಳೆದೂ ಮೆತ್ತಗಾದ ಹಳೇ ಕೌದಿ. ಅಂಚಿನಲ್ಲೆಲ್ಲ ಊರ ಹೆಂಗಸರ ಸೀರೆ ತುಂಡುಗಳು. ಎದೆಯ ಮೇಲೆ ಬರುವ ಜಾಗದಲ್ಲಿ ಮಾತ್ರ ಒಂದೇ ದೊಡ್ಡ ತುಂಡು, ಜೇನಿನ ಬಣ್ಣದ ಚೌಕಡಿ. ಒಬ್ಬ ಗಂಡಸಿನ ಬೆನ್ನಿನಷ್ಟು ಅಗಲ. ನಮ್ಮ ಟ್ರಂಕಿನಲ್ಲಿರುವ ತೋಳುಗಳನ್ನು ತಂದು ಜೋಡಿಸಿದರೆ ಅಂಗಿ ಪೂರ್ತಿಯಾಗುತ್ತಿತ್ತು.

ಇಲಿ ಇದೇ. ನಾನು ಆ ಚೌಕಡಿಯ ಮೇಲೆ ಕೈಯಿಟ್ಟು ಎಷ್ಟು ಹೊತ್ತು ಕೂತಿದ್ದೆನೋ. ಅವಳು ಮೆಟ್ಟಿಲ ಮೇಲೆ ಹೇಳಿದ್ದಕ್ಕೆ ಉತ್ತರ ನನ್ನ ಅಂಗೈಯ ಕೆಳಗೇ ಇತ್ತು. ಸುಳ್ಳಿ ಎಂದು ಊರ ಮುಂದೆ ಅವಳ ಸೋರೆ ಮುಳುಗಿಸಬಹುದಿತ್ತು. ಎಷ್ಟು ವರ್ಷದ ಉರಿ ತಣ್ಣಗಾಗುತ್ತಿತ್ತು! ಆದರೆ ಅವಳದು ಮುಳುಗಿದರೆ ಅವರದು ಏಳುತ್ತದೆ, ಅವರದು ಎದ್ದರೆ ನನ್ನದು ಇಳಿಯುತ್ತದೆ. ಅವಳ ಸುಳ್ಳನ್ನು ಇನ್ನು ಮುಂದೆ ಅವಳಿಗಿಂತ ಹೆಚ್ಚಾಗಿ ನಾನೇ ಕಾಯಬೇಕು. ಕೌದಿಯನ್ನು ಆ ತುಂಡು ಒಳಗೆ ಹೋಗುವಂತೆ ತಿರುವಿ ಮಡಚಿಟ್ಟೆ, ಬೇರೆ ಯಾರಾದರೂ ಬಂದು ನೋಡಿಯಾರು ಎಂದು.

ಚಂಪವ್ವ ಬಂದು ಬೀಜವನ್ನು ನನ್ನ ಕೈಗೆ ಹಾಕಿದಳು. ಕೌದಿಯ ಮಡಿಕೆ ಬದಲಾದದ್ದನ್ನು ನೋಡಿದಳು.

“ಮುಂದಿನ ಸಲ ಒಂದನ್ನರೆ ಒಣಗಾಕ ಬಿಡ ಶಂಕ್ರವ್ವ,” ಎಂದಳು. “ಅಂಜಬ್ಯಾಡ. ಅವರೇನೂ ಹೇಳಂಗಿಲ್ಲ.”

ಬೀಜವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ದಾರಿಯುದ್ದಕ್ಕೂ ಅದನ್ನೇ ನೆನೆಯುತ್ತ ಬಂದೆ. ಅವರು ಏನು ಹೇಳುತ್ತಾರೆ, ಏನು ಹೇಳುವುದಿಲ್ಲ ಎನ್ನುವುದು ಅವರ ಜೊತೆ ಇಷ್ಟು ವರ್ಷ ಬಾಳಿದ ನನಗೇ ಗೊತ್ತಿಲ್ಲ. ಇವಳಿಗೆ ಹೇಗೆ ಗೊತ್ತು? ಮನೆಗೆ ಬಂದು ಕೊನೆಯ ಎಳೆಕಾಯಿಗಳ ಪಲ್ಯ ಮಾಡಿ, ಎರಡು ರೊಟ್ಟಿಯ ಜೊತೆ ಅವರ ಮುಂದಿಟ್ಟು, ಎದುರಿಗೇ ಕೂತೆ. ಅವರು ತಟ್ಟೆ ನೋಡಿದರು, ನನ್ನನ್ನು ನೋಡಿದರು. ಏನೂ ಹೇಳದೆ ಉಂಡು ಗಿರಣಿಗೆ ಹೋದರು.